ಬರ್ಡ್‌ಹೌಸ್ ತುಂಬ ಬರೀ ಕಡ್ಡಿ: ಹಿತ್ತಲಿನ ರೆನ್ ಏನು ಮಾಡುತ್ತಿದೆ?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಏಪ್ರಿಲ್‌ನಲ್ಲಿ ಮಕ್ಕಳ ಆಸೆಗೆ ಹಿತ್ತಲಲ್ಲಿ ಎರಡು ಬರ್ಡ್‌ಹೌಸ್ ಹಾಕಿದೆವು. ಒಂದನ್ನು ಡೆಕ್ ಪಕ್ಕದ ಮೇಪಲ್ ಕೊಂಬೆಗೆ ನೇತು ಹಾಕಿದ್ದೇವೆ. ಇನ್ನೊಂದು ಬೇಲಿಯ ಕಂಬದ ಮೇಲಿದೆ, ಪಕ್ಕದಲ್ಲೇ ಪೊದೆ. ಮೇ ತಿಂಗಳಲ್ಲಿ ಗುಬ್ಬಚ್ಚಿಗಿಂತ ಚಿಕ್ಕದಾದ ಒಂದು ಕಂದು ಹಕ್ಕಿ ಬಂತು. ಬಾಲ ಎತ್ತಿಕೊಂಡು ಓಡಾಡುತ್ತದೆ. ಬೆಳಗಿನ ಜಾವ ಶುರು ಮಾಡಿದರೆ ದಿನವಿಡೀ ಹಾಡು. ಫೋನಿನ ಆ್ಯಪ್ ಇದು ಹೌಸ್ ರೆನ್ ಎಂದಿತು. ಅದು ಎರಡೂ ಡಬ್ಬಕ್ಕೆ ಬಾಯಿವರೆಗೆ ಕಡ್ಡಿ ತುಂಬಿತು. ಮೇಪಲ್ ಮರದ್ದರಲ್ಲಿ ಮೊಟ್ಟೆ ಇರಲಿಲ್ಲ. ಕಸ ಎಂದುಕೊಂಡು ಎರಡು ಸಲ ತೆಗೆದೆ, ಎರಡು ಸಲವೂ ಮತ್ತೆ ತುಂಬಿತು. ಬೇಲಿಯ ಡಬ್ಬದಲ್ಲಿ ಮಾತ್ರ ಮರಿಗಳಾಗಿ ಜೂನ್‌ನಲ್ಲಿ ಹಾರಿಹೋದವು. ಜುಲೈ ಶುರುವಿನಲ್ಲಿ ಅದರಲ್ಲೇ ಮತ್ತೆ ಮೊಟ್ಟೆ ಕಂಡವು. ಆದರೆ ಮೊನ್ನೆ ಬೆಳಿಗ್ಗೆ ಮೂರು ಮೊಟ್ಟೆ ನೆಲದಲ್ಲಿ ಬಿದ್ದಿದ್ದವು, ಒಂದೊಂದರಲ್ಲೂ ಸಣ್ಣ ತೂತು. ಪಕ್ಕದ ಮನೆಯವರ ಬ್ಲೂಬರ್ಡ್ ಡಬ್ಬದಲ್ಲೂ ಮೇ ತಿಂಗಳಲ್ಲಿ ಹೀಗೇ ಆಗಿತ್ತಂತೆ. "ನಿಮ್ಮ ರೆನ್ನೇ ಮಾಡಿದ್ದು, ಡಬ್ಬ ಇಳಿಸಿ" ಎನ್ನುತ್ತಿದ್ದಾರೆ. ಮೈಸೂರಿನಿಂದ ಬಂದಿರುವ ನಮ್ಮತ್ತೆ, ನಾವು ಡಬ್ಬ ತೆರೆದು ನೋಡಿದ್ದಕ್ಕೇ ತಾಯಿ ಮೊಟ್ಟೆ ಬಿಟ್ಟಿತು ಎನ್ನುತ್ತಾರೆ. ಯಾರ ಮಾತು ಸರಿ? ಡಬ್ಬ ಇಳಿಸಬೇಕೇ? ಮುಂದಿನ ವರ್ಷಕ್ಕೆ ಎಂಥ ಡಬ್ಬ ತರಲಿ?

ಉತ್ತರ: ಬೇಲಿಯ ಡಬ್ಬವನ್ನು ಸದ್ಯಕ್ಕೆ ಇಳಿಸಬೇಡಿ. ಮೂರು ಮೊಟ್ಟೆ ಹೊರಗೆ ಬಿದ್ದ ಮಾತ್ರಕ್ಕೆ ಒಳಗೆ ಏನೂ ಉಳಿದಿಲ್ಲ ಎಂದಲ್ಲ. ಸಂಜೆ ಹೊತ್ತು ಒಂದು ಸಲ ಮೆಲ್ಲಗೆ ತೆರೆದು ನೋಡಿ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆ ರೆನ್‌ಗೂ ಅನ್ವಯಿಸುತ್ತದೆ. ಮೊಟ್ಟೆ ಅಥವಾ ಮರಿ ಇರುವ ಗೂಡನ್ನು ಕೀಳುವ ಹಾಗಿಲ್ಲ. ನೆರೆಯವರು ಎಷ್ಟೇ ಬೇಸರದಲ್ಲಿದ್ದರೂ ಅದನ್ನು ಕೇಳುವ ಹಾಗಿಲ್ಲ. ಮೇಪಲ್ ಮರದ್ದು ಬೇರೆ ವಿಷಯ. ಅದರಲ್ಲಿ ಮೊಟ್ಟೆ ಇಲ್ಲದಿದ್ದರೆ ಇವತ್ತೇ ಇಳಿಸಬಹುದು, ಇಳಿಸಿದರೆ ಒಳ್ಳೆಯದು ಕೂಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮತ್ತೆಯವರ ಮಾತು ನಮ್ಮ ಕಡೆ ಎಲ್ಲರ ಮನೆಯಲ್ಲೂ ಕೇಳಿದ್ದೇ. ಮನುಷ್ಯರು ಮುಟ್ಟಿದರೆ ಆ ವಾಸನೆಗೆ ತಾಯಿ ಹಕ್ಕಿ ಗೂಡು ಬಿಡುತ್ತದೆ ಎನ್ನುವ ನಂಬಿಕೆ ಅಮೆರಿಕದಲ್ಲೂ ಇದೆ. ಅದು ನಿಜವಲ್ಲ. ಓಹಾಯೊದ ಕ್ಲೀವ್‌ಲ್ಯಾಂಡ್ ಹತ್ತಿರ ಪ್ರೆಂಟಿಸ್ ಬಾಲ್ಡ್‌ವಿನ್ ಎಂಬವರು ಸುಮಾರು ನೂರು ವರ್ಷದ ಹಿಂದೆ ಇದೇ ಹೌಸ್ ರೆನ್‌ಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಬಿಟ್ಟು, ವರ್ಷಗಟ್ಟಲೆ ಹಿಂಬಾಲಿಸಿದರು. ಕೈ ಸೋಕಿದ್ದಕ್ಕೇ ಗೂಡು ಬಿಡುವ ಹಕ್ಕಿಯಾಗಿದ್ದರೆ ಅವರ ಅಧ್ಯಯನ ಮೊದಲ ವಾರವೇ ಮುಗಿದುಹೋಗುತ್ತಿತ್ತು, ಅಲ್ವಾ? ಹಾಗಂತ ದಿನಕ್ಕೆ ನಾಲ್ಕು ಸಲ ಮಕ್ಕಳನ್ನು ಕರೆದುಕೊಂಡು ಹೋಗಿ ಮುಚ್ಚಳ ತೆಗೆಯುವುದೂ ಸರಿಯಲ್ಲ. ವಾಸನೆಯಿಂದ ತೊಂದರೆ ಇಲ್ಲ, ಪದೇ ಪದೇ ಎಬ್ಬಿಸುವುದರಿಂದ ಇದೆ. ಮೂರು ನಾಲ್ಕು ದಿನಕ್ಕೊಮ್ಮೆ, ಅರ್ಧ ನಿಮಿಷ, ಸಾಕು.

ಈಗ ಕಡ್ಡಿಯ ವಿಷಯ. ನೀವು ಕಸ ಎಂದುಕೊಂಡು ತೆಗೆದದ್ದು ಕಸವಲ್ಲ. ಪೂರ್ತಿ ಗೂಡೂ ಅಲ್ಲ. ಅದು ಗಂಡು ರೆನ್ ಹೆಣ್ಣಿನ ಮುಂದೆ ಇಟ್ಟ ಪ್ರಸ್ತಾಪ. ಈ ಒಂದು ಸಂಗತಿ ಗೊತ್ತಾದರೆ ನಿಮ್ಮ ಹಿತ್ತಲಲ್ಲಿ ಈ ಬೇಸಿಗೆ ನಡೆದದ್ದೆಲ್ಲ ಅರ್ಥವಾಗುತ್ತದೆ.

ಚಳಿಗಾಲದಲ್ಲಿ ಹೌಸ್ ರೆನ್ ನ್ಯೂಜೆರ್ಸಿಯಲ್ಲಿ ಇರುವುದಿಲ್ಲ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಮೆಕ್ಸಿಕೋದಲ್ಲಿ ಇರುತ್ತದೆ. ಏಪ್ರಿಲ್ ಕೊನೆಯ ಹೊತ್ತಿಗೆ ಮೊದಲು ಗಂಡು ವಾಪಸ್ ಬರುತ್ತದೆ. ಹೆಣ್ಣು ಬರುವುದು ಆಮೇಲೆ. ಆ ನಡುವಿನ ದಿನಗಳಲ್ಲಿ ಗಂಡಿಗೆ ಒಂದೇ ಕೆಲಸ: ಸುತ್ತಮುತ್ತ ಸಿಗುವ ಪೊಟರೆಗಳನ್ನೆಲ್ಲ ಹುಡುಕಿ ತನ್ನದು ಮಾಡಿಕೊಳ್ಳುವುದು. ಮರಕುಟಿಗ ಬಿಟ್ಟುಹೋದ ತೂತು, ನೀವು ಹಾಕಿದ ಡಬ್ಬ, ಗ್ಯಾರೇಜಿನಲ್ಲಿ ಮರೆತ ಬೂಟು, ಹಳೇ ತಗಡಿನ ಡಬ್ಬಿ, ಯಾವುದಾದರೂ ಸರಿ. ಸಿಕ್ಕ ಒಂದೊಂದಕ್ಕೂ ಪುರಲೆ ತಂದು ತುಂಬುತ್ತದೆ. ಹೀಗೆ ನಾಲ್ಕೈದು ಕಡೆ ಕಡ್ಡಿ ತುಂಬಿಡುವುದು ಅದಕ್ಕೆ ಮಾಮೂಲು. ಹೆಣ್ಣು ನೋಡುವ ಮುಂಚೆಯೇ ಹುಡುಗ ಊರ ತುಂಬ ಸೈಟಿಗೆ ಬೇಲಿ ಹಾಕಿಸಿಟ್ಟ ಹಾಗೆ.

ಹತ್ತು ಹನ್ನೆರಡು ಗ್ರಾಂ ತೂಗುವ ಹಕ್ಕಿ ಇದು. ನಮ್ಮ ಗುಬ್ಬಚ್ಚಿಯ ಅರ್ಧ ತೂಕವೂ ಇಲ್ಲ. ತನ್ನ ಮೈಗಿಂತ ಉದ್ದದ ಕಡ್ಡಿಯನ್ನು ಕೊಕ್ಕಿನಲ್ಲಿ ಅಡ್ಡ ಹಿಡಿದು ಬರುತ್ತದೆ, ತೂತಿನ ಅಂಚಿಗೆ ಬಡಿದುಕೊಳ್ಳುತ್ತದೆ. ಆಮೇಲೆ ಕೊಕ್ಕನ್ನು ಕಡ್ಡಿಯ ತುದಿಯ ಕಡೆಗೆ ಸರಿಸಿ, ಉದ್ದಕ್ಕೆ ತೂರಿಸುತ್ತದೆ. ಆಗದಿದ್ದರೆ ಕಡ್ಡಿ ಕೆಳಗೆ ಬೀಳುತ್ತದೆ. ಬಿದ್ದದ್ದನ್ನು ಎತ್ತಿಕೊಳ್ಳುವ ತಾಳ್ಮೆ ಅದಕ್ಕೆ ಕಡಿಮೆ, ಹೊಸದು ತರುತ್ತದೆ. ನಿಮ್ಮ ಡಬ್ಬದ ಕೆಳಗೆ ಕಡ್ಡಿ ಚೆಲ್ಲಿರುವುದು ಇದಕ್ಕೇ. ಇಂಥ ನೂರಾರು ಕಡ್ಡಿ ಒಂದು ಡಬ್ಬದೊಳಗೆ ಹೋಗುತ್ತದೆ.

ಹೆಣ್ಣು ಬಂದ ಮೇಲೆ ಗಂಡಿನ ಹಾಡಿನ ರೀತಿಯೇ ಬದಲಾಗುತ್ತದೆ. ರೆಕ್ಕೆ ನಡುಗಿಸುತ್ತಾ ಅದನ್ನು ಒಂದೊಂದು ಡಬ್ಬದ ಹತ್ತಿರ ಕರೆದೊಯ್ಯುತ್ತದೆ. ಹೆಣ್ಣು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಮತ್ತೆ ಹೋಗುತ್ತದೆ. ಹಿಡಿಸದಿದ್ದರೆ ಮುಂದಿನದಕ್ಕೆ. ಹಿಡಿಸಿದರೂ ಗಂಡು ಜೋಡಿಸಿದ್ದನ್ನು ಇದ್ದಂತೆ ಒಪ್ಪಿಕೊಳ್ಳುತ್ತದೆ ಎಂದೇನಲ್ಲ. ಕೆಲವು ಕಡ್ಡಿಗಳನ್ನು ಎಳೆದು ಹೊರಗೆ ಹಾಕುತ್ತದೆ. ಮುಂದಿನ ಕೆಲಸ ಹೆಣ್ಣಿನದೇ. ಕಡ್ಡಿ ರಾಶಿಯಲ್ಲಿ, ತೂತಿನಿಂದ ದೂರ, ಹಿಂದಿನ ಮೂಲೆಯಲ್ಲಿ ಬಟ್ಟಲಿನಂಥ ಗುಳಿ ಮಾಡಿ, ಹುಲ್ಲು, ಬೇರಿನ ನಾರು, ಕೂದಲು, ಗರಿ ತಂದು ಮೆತ್ತಗೆ ಹಾಸುತ್ತದೆ. ಅಲ್ಲಿಗೆ ಅದು ಗೂಡಾಯಿತು. ನಿಮ್ಮ ಬೇಲಿಯ ಡಬ್ಬ ಆಯ್ಕೆಯಾಯಿತು, ಮೇಪಲ್ ಮರದ್ದು ಆಗಲಿಲ್ಲ. ಅಷ್ಟೇ ವಿಷಯ.

ನಮ್ಮೂರಿನ ಗೀಜಗವನ್ನು ನೋಡಿದವರಿಗೆ ಇದು ಹೊಸದೇನಲ್ಲ. ನಿಮ್ಮತ್ತೆ ಖಂಡಿತ ನೋಡಿರುತ್ತಾರೆ. ಈಚಲು ಮರದಲ್ಲಿ, ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗಂಡು ಗೀಜಗ ಅರ್ಧ ನೇಯ್ದ ಗೂಡು ತೂಗುಹಾಕಿಕೊಂಡು ಕಾಯುತ್ತದೆ. ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಒಪ್ಪದವು ಹಾಗೇ ನೇತಾಡುತ್ತವೆ. ಒಂದು ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣಿಗೆ ಕಾಯುತ್ತದೆ. ಇದನ್ನು ಕೂತು ನೋಡಿ 1931ರಲ್ಲಿ ಬರೆದವರು ಸಲೀಂ ಅಲಿ. ರೆನ್‌ಗೂ ಗೀಜಗಕ್ಕೂ ನೆಂಟಸ್ತನ ಏನೂ ಇಲ್ಲ. ಆದರೂ ಹಲವು ಗೂಡು ತೋರಿಸಿ ಒಂದನ್ನು ಒಪ್ಪಿಸುವ ಉಪಾಯ ಎರಡಕ್ಕೂ ಒಂದೇ. ರೆನ್ ಗಂಡು ಕೂಡ ಕೆಲವೊಮ್ಮೆ ಒಂದು ಡಬ್ಬದಲ್ಲಿ ಹೆಣ್ಣು ಕಾವಿಗೆ ಕೂತಿರುವಾಗಲೇ ಎರಡನೇ ಡಬ್ಬದ ಮೇಲೆ ಕೂತು ಹಾಡಲು ಶುರು ಮಾಡುತ್ತದೆ. ಮೇಪಲ್ ಮರದ ಡಬ್ಬವನ್ನು ಖಾಲಿ ಮಾಡಿದಾಗೆಲ್ಲ ಮತ್ತೆ ತುಂಬುತ್ತಿತ್ತಲ್ಲ, ಆ ಉತ್ಸಾಹ ಅದಕ್ಕೇ.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಅಂಕಣ ಓದಿ ಬೆಂಗಳೂರಿನವರು, ಧಾರವಾಡದವರು ರೆನ್ ಬರಲಿ ಎಂದು ಡಬ್ಬ ಹಾಕಬೇಡಿ. ರೆನ್ ಕುಟುಂಬದಲ್ಲಿ ಎಂಬತ್ತಕ್ಕೂ ಹೆಚ್ಚು ಜಾತಿಗಳಿವೆ. ಒಂದನ್ನು ಬಿಟ್ಟು ಉಳಿದೆಲ್ಲ ಅಮೆರಿಕ ಖಂಡಗಳವು. ಆ ಒಂದು ಜಾತಿ ಭಾರತದಲ್ಲಿ ಇದೆ, ಆದರೆ ಹಿಮಾಲಯದಲ್ಲಿ. ನಮ್ಮ ಹಿತ್ತಲಿನ ಡಬ್ಬಕ್ಕೆ ಗುಬ್ಬಚ್ಚಿ ಬರಬಹುದು, ಅದೃಷ್ಟ ಇದ್ದರೆ ಮಡಿವಾಳ ಹಕ್ಕಿ ಬರಬಹುದು.)

ಕಡ್ಡಿಯೇ ಯಾಕೆ, ಮೆತ್ತನೆಯ ಹುಲ್ಲು ಯಾಕಲ್ಲ ಎಂದು ನಿಮ್ಮ ಮಕ್ಕಳು ಕೇಳಬಹುದು. ಕಡ್ಡಿ ಗೋಡೆಯಂತೆ ನಿಂತು ತೂತಿಗೂ ಮೊಟ್ಟೆಗೂ ನಡುವೆ ಅಡ್ಡ ಬರುತ್ತದೆ. ದೊಡ್ಡ ಹಕ್ಕಿ ಒಳಗೆ ನುಗ್ಗುವುದು ಕಷ್ಟ, ಪಂಜ ಹಾಕಿದರೂ ಮೊಟ್ಟೆ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ನೆಲ ಒದ್ದೆಯಾದರೂ ಗುಳಿ ಮೇಲಿರುತ್ತದೆ. ಇದರಲ್ಲಿ ಯಾವುದು ಮುಖ್ಯ ಕಾರಣ ಎನ್ನುವ ಚರ್ಚೆ ಮುಗಿದಿಲ್ಲ. ನನಗಂತೂ ಹೆಚ್ಚು ಖುಷಿ ಕೊಡುವುದು ಇನ್ನೊಂದು ಸಂಗತಿ. ರೆನ್‌ಗಳು ಗೂಡಿನ ಸಾಮಾನಿನ ಜೊತೆ ಜೇಡದ ಮೊಟ್ಟೆಚೀಲಗಳನ್ನೂ ತಂದಿಡುತ್ತವೆ. ಅವು ಒಡೆದು ಹೊರಬಂದ ಜೇಡಗಳು ಗೂಡಿನಲ್ಲಿ ಮರಿಗಳ ರಕ್ತ ಹೀರುವ ನುಸಿಗಳನ್ನು ತಿನ್ನುವುದನ್ನು ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ. ಆದ್ದರಿಂದ ಡಬ್ಬ ತೆರೆದಾಗ ಬಿಳಿ ಹತ್ತಿಯ ಉಂಡೆಯಂಥದ್ದು ಕಂಡರೆ ಗಲೀಜು ಎಂದು ಕಿತ್ತು ಹಾಕಬೇಡಿ.

ಮೊಟ್ಟೆ ದಿನಕ್ಕೊಂದರಂತೆ ಬರುತ್ತದೆ. ಬಿಳಿ ಅಥವಾ ತಿಳಿ ಗುಲಾಬಿ ಬಣ್ಣ, ಮೇಲೆಲ್ಲ ಕೆಂಪು ಕಂದು ಚುಕ್ಕಿ. ಮೊದಲ ಸಲ ಸಾಮಾನ್ಯವಾಗಿ ಆರೇಳು, ಜುಲೈಯ ಎರಡನೇ ಸಲಕ್ಕೆ ಸ್ವಲ್ಪ ಕಡಿಮೆ. ಎಲ್ಲ ಮೊಟ್ಟೆ ಇಟ್ಟು ಮುಗಿಯುವ ಹೊತ್ತಿಗಷ್ಟೇ ಹೆಣ್ಣು ಕಾವಿಗೆ ಕೂರುವುದು. ಅಲ್ಲಿಯವರೆಗೆ ಮೊಟ್ಟೆ ತಣ್ಣಗೇ ಇರುತ್ತದೆ, ತಾಯಿ ಹತ್ತಿರ ಕಾಣುವುದೂ ಇಲ್ಲ. ಎಷ್ಟೋ ಜನ ಇದನ್ನು ನೋಡಿ ಗೂಡು ಬಿಟ್ಟುಹೋಗಿದೆ ಎಂದು ತೆಗೆದುಬಿಡುತ್ತಾರೆ. ಹಾಗೆ ಮಾಡಬೇಡಿ. ಕಾವಿಗೆ ಕೂರುವುದು ಹೆಣ್ಣು ಮಾತ್ರ, ಸುಮಾರು ಎರಡು ವಾರ. ಮರಿಯಾದ ಮೇಲೆ ಇಬ್ಬರೂ ಸೇರಿ ಕಂಬಳಿಹುಳ, ಜೇಡ, ಜೀರುಂಡೆ ತಂದು ತುರುಕುತ್ತಾರೆ. ಇನ್ನು ಎರಡು ವಾರದ ಮೇಲೆ ಎರಡು ಮೂರು ದಿನಕ್ಕೆ ಮರಿಗಳು ಹಾರುತ್ತವೆ. ಮರಿಗಳಿಗೆ ಹನ್ನೆರಡು ದಿನ ತುಂಬಿದ ಮೇಲೆ ಡಬ್ಬ ತೆರೆಯಲೇಬಾರದು. ಬೆದರಿ ಹಾರಲು ಬಾರದ ಸ್ಥಿತಿಯಲ್ಲೇ ಹೊರಗೆ ಜಿಗಿಯುತ್ತವೆ, ಆಮೇಲೆ ಬೆಕ್ಕಿನ ಬಾಯಿಗೆ. ಬೇಲಿಯ ಹತ್ತಿರ ಹುಲ್ಲುಹಾಸಿಗೆ ಕೀಟನಾಶಕ ಹೊಡೆಸುವ ಒಪ್ಪಂದ ಇದ್ದರೆ ಜೂನ್ ಜುಲೈನಲ್ಲಿ ಅದನ್ನು ನಿಲ್ಲಿಸಿ. ಕಾಳಿನ ಫೀಡರ್ ಇಟ್ಟರೆ ರೆನ್‌ಗೆ ಪ್ರಯೋಜನ ಇಲ್ಲ, ಅದು ಕಾಳು ತಿನ್ನುವ ಹಕ್ಕಿ ಅಲ್ಲ.

ಮೊಟ್ಟೆ ಒಡೆದದ್ದು ಯಾರು? ನೀವು ಹೇಳಿದ ಗುರುತುಗಳು ಸ್ಪಷ್ಟವಾಗಿವೆ. ಹಾವು ಬಂದಿದ್ದರೆ ಮೊಟ್ಟೆಗಳು ಸದ್ದಿಲ್ಲದೆ ಮಾಯವಾಗುತ್ತಿದ್ದವು, ಚಿಪ್ಪು ಕೂಡ ಸಿಗುತ್ತಿರಲಿಲ್ಲ. ರಕೂನ್ ಆಗಿದ್ದರೆ ಕಡ್ಡಿಯೆಲ್ಲ ತೂತಿನಿಂದ ಎಳೆದು ಹರಡಿರುತ್ತಿತ್ತು, ಮರದ ಮೇಲೆ ಉಗುರಿನ ಗೀರು ಇರುತ್ತಿತ್ತು. ಸೂಜಿ ಚುಚ್ಚಿದಂಥ ಸಣ್ಣ ತೂತು, ಮೊಟ್ಟೆ ಹೊರಗೆ ಎಸೆದಿರುವುದು, ಗೂಡು ಮಾತ್ರ ಹಾಗೇ ಇರುವುದು. ಇದು ರೆನ್ ಮಾಡುವ ಕೆಲಸ. ಹೌದು, ರೆನ್ ಗೂಡಿನ ಮೊಟ್ಟೆಯನ್ನೇ ಇನ್ನೊಂದು ರೆನ್ ಚುಚ್ಚುತ್ತದೆ. ಬೇಸಿಗೆಯ ನಡುವೆ ಜೋಡಿ ಸಿಗದೆ ಅಲೆಯುವ ಗಂಡುಗಳಿರುತ್ತವೆ. ಅವಕ್ಕೆ ಬೇಕಾದದ್ದು ಪೊಟರೆ. ಒಳಗಿರುವ ಮೊಟ್ಟೆ ಹಾಳಾದರೆ ಪೊಟರೆ ಖಾಲಿಯಾಗುತ್ತದೆ, ಕೆಲವೊಮ್ಮೆ ಅಲ್ಲಿದ್ದ ಹೆಣ್ಣೇ ಹೊಸ ಗಂಡಿನ ಜೊತೆ ಸೇರುತ್ತದೆ. ನಮ್ಮ ಕಣ್ಣಿಗೆ ಕ್ರೂರವಾಗಿ ಕಂಡರೂ ಹಕ್ಕಿಗೆ ಅದು ಮನೆಯ ಜಗಳ.

ರೆನ್ ಜೋಡಿ ಎಂದರೆ ಜನ್ಮದ ಜೋಡಿ ಎಂದು ಹಿಂದೆ ಎಲ್ಲರೂ ಅಂದುಕೊಂಡಿದ್ದರು. ಬಾಲ್ಡ್‌ವಿನ್ ಉಂಗುರ ತೊಡಿಸಿ ನೋಡಿದಾಗ, ಮೊದಲ ಮರಿಗಳು ಹಾರಿದ ಮೇಲೆ ಎರಡನೇ ಸಂಸಾರಕ್ಕೆ ಎಷ್ಟೋ ಹಕ್ಕಿಗಳು ಜೋಡಿ ಬದಲಿಸಿದ್ದು ತಿಳಿಯಿತು. 1921ರಲ್ಲಿ ಅದನ್ನು ಪ್ರಕಟಿಸಿದರು. ಹಾಗಾಗಿ ಜೂನ್‌ನ ಜೋಡಿಯೇ ಜುಲೈಯಲ್ಲೂ ನಿಮ್ಮ ಬೇಲಿಯ ಡಬ್ಬದಲ್ಲಿತ್ತು ಎಂದು ಹೇಳಲಾಗದು. ಮೊಟ್ಟೆ ಚುಚ್ಚಿದ್ದು ಪಕ್ಕದ ಬೀದಿಯ ಗಂಡಾಗಿದ್ದಿರಬಹುದು.

ಇನ್ನು ನೆರೆಯವರ ದೂರು. ಅವರ ಮಾತಲ್ಲಿ ನಿಜ ಇದೆ, ಒಪ್ಪಿಕೊಳ್ಳಿ. ರೆನ್‌ಗಳು ಬ್ಲೂಬರ್ಡ್, ಟ್ರೀ ಸ್ವಾಲೋ, ಚಿಕಡೀಗಳ ಮೊಟ್ಟೆಗಳನ್ನು ಚುಚ್ಚುತ್ತವೆ, ಗೂಡಿನ ಮೇಲೆ ಕಡ್ಡಿ ಹೇರುತ್ತವೆ. ಒಂದು ಗಂಡಿನ ಗಡಿ ಸಾಮಾನ್ಯವಾಗಿ ಅರ್ಧ ಎಕರೆ ಆಸುಪಾಸು. ನಿಮ್ಮ ಸೈಟು ಕಾಲು ಎಕರೆ ಇದ್ದರೆ ಹೆಚ್ಚು. ಅಂದರೆ ನಿಮ್ಮ ಬೇಲಿ ಅದರ ಲೆಕ್ಕದಲ್ಲಿ ಇಲ್ಲ. ನಿಮ್ಮ ಎರಡು ಡಬ್ಬ, ಅವರ ಒಂದು ಡಬ್ಬ, ಮೂರೂ ಅದಕ್ಕೆ ತನ್ನ ಆಸ್ತಿ.

ಈ ಜಗಳ ಹೊಸದಲ್ಲ. 1925ರಲ್ಲಿ ಅಯೋವಾದ ಆಲ್ಥಿಯಾ ಶರ್ಮನ್ ಎಂಬ ಪಕ್ಷಿತಜ್ಞೆ ಪಕ್ಷಿಶಾಸ್ತ್ರದ ಪತ್ರಿಕೆಯೊಂದರಲ್ಲಿ, ರೆನ್ ಡಬ್ಬಗಳನ್ನೆಲ್ಲ ಇಳಿಸಿ ಎಂದು ಖಾರವಾಗಿ ಬರೆದರು. ಅವರು ಸುಮ್ನೆ ಬೈದವರಲ್ಲ. ತಮ್ಮ ಹಿತ್ತಲಲ್ಲೇ ವರ್ಷಗಟ್ಟಲೆ ಗೂಡುಗಳನ್ನು ಗಮನಿಸಿದವರು. ಜನ ಮುದ್ದು ಹಕ್ಕಿ ಎಂದು ಊರ ತುಂಬ ಡಬ್ಬ ಹಾಕುತ್ತಾರೆ, ರೆನ್ ಹೆಚ್ಚಾಗುತ್ತದೆ, ಉಳಿದ ಹಕ್ಕಿಗಳ ಮೊಟ್ಟೆ ಉಳಿಯುವುದಿಲ್ಲ ಎನ್ನುವುದು ಅವರ ವಾದ. ದೊಡ್ಡ ಗದ್ದಲವೇ ಆಯಿತು. ಇವತ್ತಿಗೂ ಬ್ಲೂಬರ್ಡ್ ಸಾಕುವ ಬಳಗದಲ್ಲಿ ಅನೇಕರು ಶರ್ಮನ್ ಪಕ್ಷ.

ನಾನು ಪೂರ್ತಿ ಆ ಪಕ್ಷ ಅಲ್ಲ. ರೆನ್ ಇಲ್ಲಿನದೇ ಹಕ್ಕಿ, ಪೊಟರೆಗೆ ಜಗಳ ಅದರ ಹುಟ್ಟುಗುಣ. ಆದರೆ ಶರ್ಮನ್ ಹೇಳಿದ್ದರಲ್ಲಿ ಒಂದು ಮಾತು ನನಗೆ ಸರಿ ಅನಿಸುತ್ತದೆ: ಒಂದೇ ಹಿತ್ತಲಲ್ಲಿ ನಾಲ್ಕೈದು ಡಬ್ಬ ಹಾಕುವುದು ಹಕ್ಕಿಗೆ ಮಾಡುವ ಉಪಕಾರ ಅಲ್ಲ. ಗಂಡಿಗೆ ತೋರಿಸಲು ಎರಡನೇ ಮನೆ ಸಿಕ್ಕಿತು, ಅಲೆಯುವ ಗಂಡುಗಳಿಗೆ ಬಂದು ಕಣ್ಣಿಡಲು ಜಾಗ ಸಿಕ್ಕಿತು, ಅಷ್ಟೇ. ಆದ್ದರಿಂದ ಮೇಪಲ್ ಮರದ ಡಬ್ಬ ಇಳಿಸಿ ಎಂದದ್ದು. ಒಂದು ಡಬ್ಬ ಇರಲಿ.

ಎರಡನ್ನೂ ಇಳಿಸಿದರೆ ನೆರೆಯವರಿಗೆ ನೆಮ್ಮದಿ ಸಿಗುತ್ತದೆಯೇ? ಈ ವರ್ಷ ಸಿಗುವುದಿಲ್ಲ. ರೆನ್ ಆಗಲೇ ಅಲ್ಲಿ ನೆಲೆ ಊರಿದೆ. ಅದಕ್ಕೆ ಉಳಿಯುವುದು ಅವರ ಬ್ಲೂಬರ್ಡ್ ಡಬ್ಬ ಒಂದೇ. ಅವರ ಡಬ್ಬ ಎಲ್ಲಿದೆ ಎಂದು ಒಮ್ಮೆ ನೋಡಿ. ನನ್ನ ಊಹೆ, ಪೊದೆಗೋ ಮರದ ಸಾಲಿಗೋ ಹತ್ತಿರ ಇರುತ್ತದೆ. ಬ್ಲೂಬರ್ಡ್‌ಗೆ ಬೇಕಾದದ್ದು ಬಯಲು, ಗಿಡ್ಡ ಹುಲ್ಲು. ರೆನ್‌ಗೆ ಬೇಕಾದದ್ದು ಪೊದೆ. ಬಯಲಿನ ನಡುವೆ ಬರಲು ರೆನ್ ಹಿಂಜರಿಯುತ್ತದೆ. ಅದಕ್ಕೇ ಬ್ಲೂಬರ್ಡ್ ಡಬ್ಬವನ್ನು ಪೊದೆಯಿಂದ ನೂರು ಅಡಿಯಾದರೂ ದೂರ ಹಾಕಲು ಹೇಳುವುದು. ಅಷ್ಟು ಜಾಗ ಅವರ ಹಿತ್ತಲಲ್ಲಿ ಇಲ್ಲದಿದ್ದರೆ ಅದು ಬ್ಲೂಬರ್ಡ್‌ಗೆ ಒಗ್ಗುವ ಜಾಗವೇ ಅಲ್ಲ. ಇದನ್ನು ಅವರಿಗೆ ಹೇಳುವುದು ಮುಜುಗರದ ಕೆಲಸ, ಗೊತ್ತು. ಒಂದು ಡಬ್ಬ ಇಳಿಸಿ, ಆ ಸುದ್ದಿಯ ಜೊತೆ ಹೇಳಿ. ಇನ್ನೊಂದು ಉಪಾಯವೂ ಇದೆ. ಬ್ಲೂಬರ್ಡ್ ಮೊದಲ ಮೊಟ್ಟೆ ಇಟ್ಟ ಮೇಲೆ ತೂತಿನ ಎದುರಿಗೆ, ಹಕ್ಕಿ ಓಡಾಡುವಷ್ಟು ಅಂತರ ಬಿಟ್ಟು, ಒಂದು ಸಣ್ಣ ಹಲಗೆಯನ್ನು ಮರೆಯಾಗಿ ಕಟ್ಟುತ್ತಾರೆ. ಹಾದುಹೋಗುವ ರೆನ್‌ಗೆ ತೂತು ಕಾಣುವುದಿಲ್ಲ. ಮೊಟ್ಟೆಯಿಟ್ಟ ತಾಯಿ ಮರೆ ಇದ್ದರೂ ಒಳಗೆ ಬರುತ್ತದೆ. ಮೊಟ್ಟೆಗೆ ಮುಂಚೆಯೇ ಕಟ್ಟಿದರೆ ಬ್ಲೂಬರ್ಡ್ ಕೂಡ ಹೆದರಿ ಬಿಡಬಹುದು. ಮರಿ ಒಡೆದ ಮೇಲೆ ಮರೆ ತೆಗೆದುಬಿಡಬೇಕು.

ಇನ್ನೊಂದು ಹಕ್ಕಿಯ ಬಗ್ಗೆ ಎಚ್ಚರ ಇರಲಿ: ಗುಬ್ಬಚ್ಚಿ. ಮೈಸೂರಿನ ಮಾಡಿನಲ್ಲಿ ಕಾಣುತ್ತಿದ್ದ ಅದೇ ಗುಬ್ಬಚ್ಚಿ, ಅದೇ ಜಾತಿ. 1850ರ ದಶಕದ ಶುರುವಿನಲ್ಲಿ ಬ್ರೂಕ್ಲಿನ್‌ಗೆ ಯುರೋಪಿನಿಂದ ತಂದು ಬಿಟ್ಟದ್ದು ದೇಶದ ತುಂಬ ಹರಡಿತು. ನಮ್ಮಲ್ಲಿ ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ ಮಾಡಿ, ರಟ್ಟಿನ ಡಬ್ಬ ಕಟ್ಟಿ, ಬಾರಮ್ಮಾ ಎಂದು ಕರೆಯುತ್ತೇವೆ. ಅಮೆರಿಕದಲ್ಲಿ ಅದು ಹೊರಗಿನ ಹಕ್ಕಿ, 1918ರ ಕಾಯ್ದೆಯ ರಕ್ಷಣೆಯೂ ಇಲ್ಲ. ಡಬ್ಬದೊಳಗೆ ಕೂತ ಬ್ಲೂಬರ್ಡನ್ನು ತಲೆಗೆ ಕುಕ್ಕಿ ಕೊಲ್ಲುವಷ್ಟು ಬಲ ಅದಕ್ಕಿದೆ. ನಿಮ್ಮತ್ತೆಗೆ ಇದನ್ನು ಹೇಳಿದರೆ ಖಂಡಿತ ನಂಬುವುದಿಲ್ಲ. ಆದರೆ ಡಬ್ಬ ಕೊಳ್ಳುವಾಗ ಇದೇ ಮುಖ್ಯ, ಯಾಕೆಂದರೆ ಎಲ್ಲವೂ ನಿಂತಿರುವುದು ತೂತಿನ ಅಳತೆಯ ಮೇಲೆ.

ತೂತು ಒಂದು ಇಂಚು ಮತ್ತು ಅದರ ಮೇಲೆ ಎಂಟನೇ ಒಂದು ಭಾಗ, ಅಂದರೆ ಸುಮಾರು 29 ಮಿಲಿಮೀಟರ್ ಇರಲಿ. ರೆನ್ ಸಲೀಸಾಗಿ ಹೋಗುತ್ತದೆ, ಕಡ್ಡಿಯೂ ಹೋಗುತ್ತದೆ. ಗುಬ್ಬಚ್ಚಿ ಹೋಗುವುದಿಲ್ಲ. ಒಂದೂಕಾಲು ಇಂಚಾದರೆ ಗುಬ್ಬಚ್ಚಿ ನುಸುಳಬಹುದು. ಒಂದೂವರೆ ಇಂಚು ಬ್ಲೂಬರ್ಡ್‌ನ ಅಳತೆ. ಅಂಗಡಿಯಲ್ಲಿ ಚಂದಕ್ಕೆ ಮಾರುವ ಎಷ್ಟೋ ಡಬ್ಬಗಳಲ್ಲಿ ತೂತು ಇದಕ್ಕಿಂತ ದೊಡ್ಡದು. ಜೊತೆಗೆ ಮುಂದೆ ಕೂರಲು ಒಂದು ಗೂಟ ಬೇರೆ. ಆ ಗೂಟ ರೆನ್‌ಗೆ ಬೇಡವೇ ಬೇಡ, ಮೊಟ್ಟೆ ಕದಿಯಲು ಬರುವವರಿಗೆ ಅನುಕೂಲ. ನಿಮ್ಮ ಡಬ್ಬದಲ್ಲಿ ಇದ್ದರೆ ಕುಯ್ದು ಹಾಕಿ.

ಉಳಿದದ್ದು ಸರಳ. ಬಣ್ಣ, ಔಷಧ ಹಾಕದ ಸೀಡರ್ ಅಥವಾ ಪೈನ್ ಹಲಗೆ, ಮುಕ್ಕಾಲು ಇಂಚು ದಪ್ಪ. ತಗಡು, ತೆಳು ಪ್ಲಾಸ್ಟಿಕ್ ಬೇಡ, ಜುಲೈ ಬಿಸಿಲಿಗೆ ಒಳಗೆ ಮರಿಗಳು ಬೆಂದುಹೋಗುತ್ತವೆ. ನೆಲ ನಾಲ್ಕು ಇಂಚು ಚೌಕ, ನೆಲದಿಂದ ತೂತಿಗೆ ನಾಲ್ಕರಿಂದ ಆರು ಇಂಚು. ನೀರು ಇಳಿಯಲು ತಳದಲ್ಲಿ ಸಣ್ಣ ತೂತುಗಳು, ಗಾಳಿಗೆ ಮೇಲೆ ಒಂದಿಷ್ಟು ಸಂದು. ಒಂದು ಪಕ್ಕದ ಹಲಗೆ ಸ್ಕ್ರೂ ತೆಗೆದು ತೆರೆಯುವಂತಿರಬೇಕು, ಇಲ್ಲದಿದ್ದರೆ ಶುಚಿ ಮಾಡಲಾಗುವುದಿಲ್ಲ. ಕೊಂಬೆಗೆ ನೇತು ಹಾಕಿದ, ತೂಗಾಡುವ ಡಬ್ಬವನ್ನೂ ರೆನ್ ಒಪ್ಪುತ್ತದೆ, ಹೆಚ್ಚಿನ ಹಕ್ಕಿಗಳು ಒಪ್ಪುವುದಿಲ್ಲ. ಆದರೂ ನನ್ನ ಮತ ನುಣುಪಾದ ಲೋಹದ ಕಂಬಕ್ಕೆ. ಐದಾರು ಅಡಿ ಎತ್ತರ, ಡಬ್ಬದ ಕೆಳಗೆ ಕಂಬಕ್ಕೆ ಒಂದು ಅಗಲ ತಗಡಿನ ಕೊಳವೆ. ರಕೂನ್, ಬೆಕ್ಕು, ಹಾವು ಅದನ್ನು ದಾಟುವುದು ಕಷ್ಟ. ಮರದ ಬೇಲಿಯ ಕಂಬ ಅವಕ್ಕೆಲ್ಲ ಏಣಿ ಇದ್ದಂತೆ. ಈ ವರ್ಷ ಜೂನ್‌ನ ಮರಿಗಳು ಉಳಿದದ್ದು ನಿಮ್ಮ ಅದೃಷ್ಟ.

ಶುಚಿ ಮಾಡುವುದು ಅಕ್ಟೋಬರ್‌ನಲ್ಲಿ, ಹಕ್ಕಿಗಳು ದಕ್ಷಿಣಕ್ಕೆ ಹೋದ ಮೇಲೆ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಖಾಲಿ ಡಬ್ಬಕ್ಕೆ ಇಲಿ ಸೇರುವುದು ಸಾಮಾನ್ಯ, ಅದರ ಹಿಕ್ಕೆಯ ದೂಳು ಒಳ್ಳೆಯದಲ್ಲ. ಕಡ್ಡಿಯೆಲ್ಲ ತೆಗೆದು, ಬ್ರಷ್ ಹಾಕಿ ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿ. ಏಪ್ರಿಲ್ ನಡುವಿನ ಹೊತ್ತಿಗೆ ಮತ್ತೆ ಹಾಕಿದರೆ ಗಂಡು ಬರುವಷ್ಟರಲ್ಲಿ ಸಿದ್ಧ ಇರುತ್ತದೆ.

ಚಳಿಗಾಲದಲ್ಲೂ ಬಾಲ ಎತ್ತಿದ ಕಂದು ಹಕ್ಕಿ ಡೆಕ್ ಮೇಲೆ ಕಂಡರೆ ನಿಮ್ಮ ಹೌಸ್ ರೆನ್ ಹೋಗಿಲ್ಲ ಎಂದುಕೊಳ್ಳಬೇಡಿ. ಅದು ಕ್ಯಾರೊಲೈನಾ ರೆನ್. ಸ್ವಲ್ಪ ದೊಡ್ಡದು, ಕೆಂಪು ಕಂದು ಬಣ್ಣ, ಕಣ್ಣಿನ ಮೇಲೆ ಎದ್ದು ಕಾಣುವ ಬಿಳಿ ಹುಬ್ಬು. ವರ್ಷವಿಡೀ ಅಲ್ಲೇ ಇರುತ್ತದೆ, ಜೋಡಿಯೂ ವರ್ಷವಿಡೀ ಜೊತೆಗಿರುತ್ತದೆ. ಅದಕ್ಕೆ ಡಬ್ಬಕ್ಕಿಂತ ಇಷ್ಟವಾದದ್ದು ಬಾಗಿಲ ಪಕ್ಕ ನೇತು ಹಾಕಿದ ಹೂವಿನ ಕುಂಡ. ನಿಮ್ಮ ಕುಂಡದಲ್ಲಿ ಎಲೆ, ನಾರು ಸೇರಿಸಿ ಮೇಲೆ ಮುಚ್ಚಿದಂಥ ಗೂಡು ಕಂಡರೆ ಸುಮಾರು ಒಂದು ತಿಂಗಳು ಆ ಕುಂಡವನ್ನು ಜರುಗಿಸಬೇಡಿ. ಗಿಡ ಒಣಗುತ್ತಿದ್ದರೆ ಅಂಚಿನಲ್ಲಿ ಮಾತ್ರ, ಲೋಟದಲ್ಲಿ ಸ್ವಲ್ಪ ಸ್ವಲ್ಪ ನೀರು ಹಾಕಿ. ಪೈಪ್ ಹಿಡಿಯಬೇಡಿ.